ಭೋಗ್ಯ ಅಂದ್ರೆ ಲೀಸಾ, ಮಾರ್ಟ್‌ಗೇಜಾ?

ಓದುಗರ ಪ್ರಶ್ನೆ: ನಾನು ತುಮಕೂರಿನ ವಸಂತನರಸಾಪುರದಲ್ಲಿ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಕ್ಯಾತ್ಸಂದ್ರದ ಹತ್ತಿರ ಒಂದು ಮನೆ ನೋಡಿದ್ದೇವೆ. 6 ಲಕ್ಷ ಕೊಟ್ಟರೆ ಮೂರು ವರ್ಷ ಬಾಡಿಗೆ ಇಲ್ಲದೆ ಇರಬಹುದು, ಬಿಡುವಾಗ ಪೂರ್ತಿ ಹಣ ವಾಪಸ್. ಮಾಲೀಕರು ಕೊಟ್ಟ ಕರಡು ಇಂಗ್ಲಿಷ್‌ನಲ್ಲಿದೆ. ಅದರ ಮೇಲೆ 'ಲೀಸ್ ಅಗ್ರಿಮೆಂಟ್' ಅಂತ ಇದೆ, 11 ತಿಂಗಳಿಗೆ ಬರೆದಿದ್ದಾರೆ. ನಮ್ಮ ಮಾವ ಅದನ್ನು ನೋಡಿ, 'ಇದು ಲೀಸ್ ಅಲ್ಲ, ಮಾರ್ಟ್‌ಗೇಜ್. ನಾವು ಭೋಗ್ಯ ಅಂತಿದ್ವಿ' ಅನ್ನುತ್ತಾರೆ. ಈ ಎರಡು ಪದಗಳಿಗೆ ಏನು ವ್ಯತ್ಯಾಸ? ಹೆಸರು ಯಾವುದಾದರೂ ಮನೆ ಅದೇ, ಹಣ ಅದೇ ಅಲ್ವಾ?

ಉತ್ತರ:

ನಿಮ್ಮ ಮಾವ ಹೇಳಿದ್ದು ಸರಿ. ನೀವು ಮಾಡಲು ಹೊರಟಿರುವುದು ಮಾರ್ಟ್‌ಗೇಜ್. ಕಾಗದದ ಮೇಲೆ ಮಾತ್ರ ಅದು ಲೀಸ್. ಎಲ್ಲ ಸರಿಯಾಗಿ ನಡೆದರೆ ಹೆಸರು ಯಾವುದಿದ್ದರೂ ನಿಮಗೆ ತೊಂದರೆ ಆಗುವುದಿಲ್ಲ. ಮೂರು ವರ್ಷ ಇರುತ್ತೀರಿ, ಹಣ ತೆಗೆದುಕೊಂಡು ಹೊರಡುತ್ತೀರಿ. ಆದರೆ ಮಾಲೀಕರ ಕೈ ಖಾಲಿಯಾದ ದಿನ ಆ 6 ಲಕ್ಷದ ಗತಿ ಏನು ಅನ್ನುವುದನ್ನು ಈ ಒಂದು ಪದವೇ ತೀರ್ಮಾನ ಮಾಡಬಹುದು. ತುಮಕೂರಿನಲ್ಲಿ ಎಷ್ಟೋ ವರ್ಷ ವಕೀಲಿಕೆ ಮಾಡಿದ ಮೇಲೂ, ಈ ಪದ ತಪ್ಪಿ ಹಣ ಕಳೆದುಕೊಂಡವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮಾತನ್ನೇ ಗಮನಿಸಿ. ಮನೆಯನ್ನು ಬಾಡಿಗೆಗೆ 'ಬಿಟ್ಟಿದ್ದೇವೆ' ಅನ್ನುತ್ತೇವೆ. ಮನೆಯನ್ನು ಅಡ 'ಇಟ್ಟಿದ್ದೇವೆ' ಅನ್ನುತ್ತೇವೆ. ಬಿಡುವುದು ಬೇರೆ, ಇಡುವುದು ಬೇರೆ. ಬಿಟ್ಟವನು ಮನೆಯಿಂದ ಸಂಪಾದನೆ ಮಾಡುತ್ತಿದ್ದಾನೆ. ಇಟ್ಟವನು ಸಾಲ ಮಾಡಿದ್ದಾನೆ. ಇಂಗ್ಲಿಷ್‌ನ ಎರಡು ಪದಗಳ ವ್ಯತ್ಯಾಸವೂ ಸರಿಯಾಗಿ ಇದೇ. ಲೀಸ್ ಅನ್ನುವುದು ಬಿಟ್ಟುಕೊಡು ಎಂಬ ಅರ್ಥದ ಹಳೆಯ ಫ್ರೆಂಚ್ ಮಾತಿನಿಂದ ಬಂದದ್ದು. ಮಾರ್ಟ್‌ಗೇಜ್ ಕೂಡ ಫ್ರೆಂಚ್‌ನಿಂದಲೇ ಬಂತು. ಅದರ ಅಕ್ಷರಶಃ ಅರ್ಥ 'ಸತ್ತ ಒತ್ತೆ'.

ಸತ್ತ ಒತ್ತೆ ಅಂದರೆ ಏನು? 12ನೇ ಶತಮಾನದ ಇಂಗ್ಲೆಂಡಿನಲ್ಲಿ ಸಾಲಕ್ಕೆ ಜಮೀನು ಒತ್ತೆ ಇಡುವಾಗ ಎರಡು ಬಗೆ ಇದ್ದವು. ಸಾಲ ಕೊಟ್ಟವನು ಜಮೀನಿನ ಬೆಳೆ ತಿನ್ನುತ್ತಾ, ಅದನ್ನು ಅಸಲಿಗೆ ಜಮಾ ಮಾಡುತ್ತಾ ಹೋದರೆ ಅದು ಜೀವಂತ ಒತ್ತೆ. ಸಾಲ ತಾನಾಗಿಯೇ ಕರಗುತ್ತಿತ್ತು. ಬೆಳೆ ತಿಂದರೂ ಅಸಲು ಒಂದು ಕಾಸೂ ಇಳಿಯದಿದ್ದರೆ ಅದು ಸತ್ತ ಒತ್ತೆ. ಇದು ಬಡ್ಡಿ ವ್ಯವಹಾರದ ಒಂದು ಬಗೆ ಅಂತ ಆಗಲೇ ಹೇಳುತ್ತಿದ್ದರು. ಮುಂದೆ ಆ ದೇಶದಲ್ಲಿ ಪದದ ಅರ್ಥ ಬದಲಾಯಿತು, ಮನೆ ಸಾಲಕ್ಕೆಲ್ಲ ಅದೇ ಹೆಸರಾಯಿತು. ಆದರೆ ನಿಮ್ಮ ವ್ಯವಹಾರ ನೋಡಿ. ಮೂರು ವರ್ಷ ಮನೆಯಲ್ಲಿ ಇದ್ದ ಮೇಲೂ 6 ಲಕ್ಷ 6 ಲಕ್ಷವಾಗಿಯೇ ಇರುತ್ತದೆ. ಎಂಟುನೂರು ವರ್ಷಕ್ಕೂ ಹಿಂದೆ ಆ ಪದಕ್ಕೆ ಇದ್ದ ಮೂಲ ಅರ್ಥ ನಮ್ಮ ಭೋಗ್ಯದಲ್ಲಿ ಹಾಗೇ ಉಳಿದಿದೆ.

ನಮ್ಮಲ್ಲೂ ಈ ತಿಳಿವಳಿಕೆ ಹೊಸದಲ್ಲ. ಹಳೆಯ ಧರ್ಮಶಾಸ್ತ್ರಗಳಲ್ಲಿ ಒತ್ತೆಗೆ ಆಧಿ ಅಂತ ಹೆಸರು. ಅದರಲ್ಲಿ ಗೋಪ್ಯ, ಭೋಗ್ಯ ಅಂತ ಎರಡು ಬಗೆ. ಗೋಪ್ಯ ಅಂದರೆ ಸುಮ್ನೆ ಕಾಪಾಡಿ ಇಡಬೇಕಾದದ್ದು, ಬಳಸುವಂತಿಲ್ಲ. ಭೋಗ್ಯ ಅಂದರೆ ಒತ್ತೆ ಇಟ್ಟುಕೊಂಡವನು ಅನುಭವಿಸಬಹುದಾದದ್ದು. ನೀವು ಗಿರವಿ ಇಟ್ಟ ಬಳೆಯನ್ನು ಅಂಗಡಿಯವರು ತಮ್ಮ ಮಗಳಿಗೆ ತೊಡಿಸುವ ಹಾಗಿಲ್ಲ. ಆದರೆ ಭೋಗ್ಯಕ್ಕೆ ಇಟ್ಟುಕೊಂಡ ಹೊಲವನ್ನು ಉಳಬಹುದು, ಮನೆಯಲ್ಲಿ ವಾಸ ಮಾಡಬಹುದು. ಹಾಗಾಗಿ ಭೋಗ್ಯ ಎಂಬ ಪದದೊಳಗೇ ಸಾಲ ಇದೆ, ಒತ್ತೆ ಇದೆ. ಅದನ್ನು ಲೀಸ್ ಅಂತ ಕರೆದ ಕೂಡಲೇ ಆ ಎರಡೂ ಮರೆಯಾಗುತ್ತವೆ. ನನಗೆ ಬೇಸರ ಇರುವುದೇ ಅಲ್ಲಿ. ನಮ್ಮ ಹಿರಿಯರ ಪದ ಜಾಸ್ತಿ ನಿಖರವಾಗಿತ್ತು.

ಈಗ ಕಾನೂನಿನ ಮಾತಿಗೆ ಬರೋಣ. ಎರಡೂ ಪದಗಳ ಅರ್ಥ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿದೆ. ಕಲಂ 105ರಲ್ಲಿ ಲೀಸ್ ಬರುತ್ತದೆ. ಬೆಲೆ ತೆಗೆದುಕೊಂಡು, ಆಸ್ತಿಯನ್ನು ಇಷ್ಟು ಕಾಲ ಅನುಭವಿಸುವ ಹಕ್ಕು ಕೊಡುವುದು ಲೀಸ್. ಒಟ್ಟಿಗೆ ಕೊಟ್ಟರೆ ಅದಕ್ಕೆ ಪ್ರೀಮಿಯಂ ಅನ್ನುತ್ತಾರೆ, ಆಗಾಗ ಕೊಟ್ಟರೆ ಬಾಡಿಗೆ. ಎರಡೂ ಅನುಭವಕ್ಕೆ ಕೊಟ್ಟ ಬೆಲೆ. ಕೊಟ್ಟ ಮೇಲೆ ಹೋಯಿತು. ನಮ್ಮ ಕಡೆ ಹುಣಸೆ ಮರ ಫಸಲಿಗೆ ಹಿಡಿಯುತ್ತಾರಲ್ಲ, ಶ್ರೀನಿವಾಸಪುರದ ಕಡೆ ಮಾವಿನ ತೋಪು ಹಿಡಿಯುತ್ತಾರಲ್ಲ, ಆ ಹಣವನ್ನು ಯಾರೂ ವಾಪಸ್ ಕೇಳುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಫಸಲಿನ ಮಾರಾಟ, ಲೀಸ್ ಅಲ್ಲ. ಆದರೂ ಹಣದ ಗುಣ ಅರ್ಥವಾಗಲಿ ಅಂತ ಹೇಳಿದೆ.

ಮಾರ್ಟ್‌ಗೇಜ್ ಕಲಂ 58ರಲ್ಲಿದೆ. ಸಾಲಕ್ಕೆ ಭದ್ರತೆಯಾಗಿ ಸ್ಥಿರಾಸ್ತಿಯಲ್ಲಿ ಹಕ್ಕು ಕೊಡುವುದು ಮಾರ್ಟ್‌ಗೇಜ್. ಅದರಲ್ಲಿ ಆರು ಬಗೆ. ಮೂರನೆಯದು ನಮ್ಮ ಭೋಗ್ಯ. ಸಾಲ ಕೊಟ್ಟವರಿಗೆ ಆಸ್ತಿಯ ಸ್ವಾಧೀನ ಸಿಗುತ್ತದೆ. ಹಣ ತೀರುವ ತನಕ ಅವರು ಅದನ್ನು ಇಟ್ಟುಕೊಳ್ಳಬಹುದು. ಅದರ ಬಾಡಿಗೆ, ಬೆಳೆಯನ್ನು ಬಡ್ಡಿಯ ಬದಲಿಗೆ ತೆಗೆದುಕೊಳ್ಳಬಹುದು. ಅಸಲಿಗೆ ವಜಾ ಮಾಡಿಕೊಳ್ಳುವ ಹಾಗೂ ಬರೆದುಕೊಳ್ಳಬಹುದು. ಅಂದರೆ ಸತ್ತ ಒತ್ತೆ, ಜೀವಂತ ಒತ್ತೆ ಎರಡಕ್ಕೂ ನಮ್ಮ ಕಾನೂನಿನಲ್ಲಿ ಜಾಗ ಇದೆ.

ಹಾಗಾದರೆ ಯಾವುದು ಯಾವುದೆಂದು ಗುರುತಿಸುವುದು ಹೇಗೆ? ಒಂದೇ ಪ್ರಶ್ನೆ ಕೇಳಿ: ಕೊಟ್ಟ ಹಣ ವಾಪಸ್ ಬರಬೇಕಾ? ಬರಬೇಕು, ಮತ್ತೆ ಅದು ಬರುವ ತನಕ ಮನೆಯೇ ಅದಕ್ಕೆ ಆಧಾರ ಅಂದರೆ, ಅದು ಸಾಲ. ಬಾಡಿಗೆ ಮನೆಗೆ ಕೊಡುವ ಅಡ್ವಾನ್ಸ್ ಕೂಡ ವಾಪಸ್ ಬರುತ್ತದಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಅಲ್ಲಿ ತಿಂಗಳು ತಿಂಗಳು ಬಾಡಿಗೆ ಇದೆ. ಅಡ್ವಾನ್ಸ್ ಅದಕ್ಕೆ ಸಣ್ಣ ಭದ್ರತೆ ಅಷ್ಟೇ. ನಿಮ್ಮ ವ್ಯವಹಾರದಲ್ಲಿ ಬಾಡಿಗೆಯೇ ಇಲ್ಲ. ಮನೆಯ ಅನುಭವಕ್ಕೆ ನೀವು ಕೊಡುತ್ತಿರುವ ಬೆಲೆ ನಿಮ್ಮ 6 ಲಕ್ಷದ ಬಡ್ಡಿ.

ಆ ಬಡ್ಡಿಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಅಂಥ ಮನೆಗೆ ತಿಂಗಳಿಗೆ 9,000 ಬಾಡಿಗೆ ಅಂತ ಇಟ್ಟುಕೊಳ್ಳೋಣ. 6 ಲಕ್ಷಕ್ಕೆ ತಿಂಗಳಿಗೆ 9,000 ಅಂದರೆ ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿ. ವರ್ಷಕ್ಕೆ 18 ಪರ್ಸೆಂಟ್. ಅದೇ ಹಣವನ್ನು ನೀವು 7 ಪರ್ಸೆಂಟಿಗೆ ಬ್ಯಾಂಕಿನಲ್ಲಿ ಇಟ್ಟಿದ್ದರೆ ವರ್ಷಕ್ಕೆ 42,000, ತಿಂಗಳಿಗೆ 3,500 ಬರುತ್ತಿತ್ತು. ಹಾಗಾಗಿ ಮೇಲ್ನೋಟಕ್ಕೆ ನಿಮಗೆ ಲಾಭವೇ. ಆದರೆ ಇನ್ನೊಂದು ಕಡೆಯಿಂದ ನೋಡಿ. ಮನೆ ಇರುವ ಮನುಷ್ಯ, ಬ್ಯಾಂಕಿನಲ್ಲಿ ಅದಕ್ಕಿಂತ ಕಡಿಮೆ ಬಡ್ಡಿಗೆ ಸಾಲ ಸಿಗುವಾಗ, ಒಂದೂವರೆ ರೂಪಾಯಿ ಬಡ್ಡಿಗೆ ನಿಮ್ಮ ಹತ್ತಿರ ಯಾಕೆ ಬರುತ್ತಾರೆ? ಮಗಳ ಮದುವೆ, ಆಸ್ಪತ್ರೆ ಖರ್ಚು, ಮೇಲಿನ ಮಹಡಿ ಕಟ್ಟುವುದು, ಬ್ಯಾಂಕಿಗೆ ಅಲೆಯಲು ಬೇಸರ. ಪ್ರಾಮಾಣಿಕ ಕಾರಣಗಳು ಬೇಕಾದಷ್ಟು ಇರುತ್ತವೆ. ಆದರೆ ಬ್ಯಾಂಕಿನಲ್ಲಿ ಆಗಲೇ ಪೂರ್ತಿ ಸಾಲ ತೆಗೆದಾಗಿದೆ ಅನ್ನುವುದೂ ಒಂದು ಕಾರಣ ಆಗಿರಬಹುದು. ನೀವು ತಿಳಿದುಕೊಳ್ಳಬೇಕಾದದ್ದು ಅದನ್ನೇ.

ಕೆಲವು ವರ್ಷಗಳ ಹಿಂದೆ ಒಬ್ಬ ಗಂಡ ಹೆಂಡತಿ ನನ್ನ ಹತ್ತಿರ ಬಂದಿದ್ದರು. ಐದು ಲಕ್ಷ ಕೊಟ್ಟು 'ಲೀಸ್' ಮನೆಗೆ ಬಂದಿದ್ದರು. 11 ತಿಂಗಳ ಅಗ್ರಿಮೆಂಟ್, ನೋಟರಿ ಸೀಲು, ಎಲ್ಲ ಇತ್ತು. ಒಂದು ದಿನ ಸಂಜೆ ಕೆಲಸ ಮುಗಿಸಿ ಬಂದರೆ ಬಾಗಿಲಿಗೆ ಬ್ಯಾಂಕಿನ ನೋಟಿಸ್ ಅಂಟಿಸಿತ್ತು. ಮಾಲೀಕರು ಇವರು ಬರುವ ಎಷ್ಟೋ ಮೊದಲೇ ಮನೆಯನ್ನು ಬ್ಯಾಂಕಿಗೆ ಅಡ ಇಟ್ಟು, ಕಂತು ಕಟ್ಟುವುದು ನಿಲ್ಲಿಸಿದ್ದರು. 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕ್ ಸಿವಿಲ್ ಕೋರ್ಟಿಗೆ ಹೋಗದೆಯೇ ಮನೆಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ಹಾಕಿತು. ಹೆಂಡತಿ ತಮ್ಮ ಒಡವೆ ಮಾರಿದ ಹಣವೂ ಆ ಐದು ಲಕ್ಷದಲ್ಲಿ ಸೇರಿತ್ತು. ಮಾಲೀಕರ ಮೇಲೆ ದಾವೆ ಹಾಕಿ ಗೆದ್ದೆವು. ಆದರೆ ವಸೂಲಿ ಮಾಡಲು ಅವರ ಹೆಸರಿನಲ್ಲಿ ಏನೂ ಉಳಿದಿರಲಿಲ್ಲ.

'ನಾವು ಲೀಸ್‌ದಾರರು, ಅವಧಿ ಮುಗಿಯುವ ತನಕ ಇರುತ್ತೇವೆ' ಅಂತ ಅವರು ಬ್ಯಾಂಕಿಗೆ ಹೇಳಿ ನೋಡಿದರು. ಅದು ನಿಲ್ಲಲಿಲ್ಲ. ಕಾರಣ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 65ಎ ಯಲ್ಲಿದೆ. ಅಡ ಇಟ್ಟ ಮನೆಯನ್ನೂ ಮಾಲೀಕರು ಲೀಸ್‌ಗೆ ಕೊಡಬಹುದು, ಬ್ಯಾಂಕ್ ಅದನ್ನು ಒಪ್ಪಲೇಬೇಕು ಅಂತ ಆ ಕಲಂ ಹೇಳುತ್ತದೆ. ಆದರೆ ಷರತ್ತುಗಳಿವೆ. ನ್ಯಾಯವಾಗಿ ಸಿಗಬಹುದಾದ ಒಳ್ಳೆಯ ಬಾಡಿಗೆ ಗೊತ್ತುಮಾಡಿರಬೇಕು. ಪ್ರೀಮಿಯಂ ತೆಗೆದುಕೊಂಡಿರಬಾರದು. ಬಾಡಿಗೆಯನ್ನು ಮುಂಗಡವಾಗಿ ಪಡೆದಿರಬಾರದು. ಕಟ್ಟಡವಾದರೆ ಮೂರು ವರ್ಷ ಮೀರಬಾರದು. ಬ್ಯಾಂಕಿನ ಅಡಮಾನ ಪತ್ರದಲ್ಲೇ ಲೀಸ್ ಕೊಡಬಾರದು ಅಂತ ಬರೆದಿದ್ದರೆ ಅದೂ ಇಲ್ಲ. ಒಂದೇ ಸಲಕ್ಕೆ ಲಕ್ಷಗಟ್ಟಲೆ ಕೊಟ್ಟು, ಬಾಡಿಗೆಯೇ ಇಲ್ಲದೆ ಇರುವ ನಮ್ಮ ಊರಿನ 'ಲೀಸ್' ಈ ಷರತ್ತುಗಳ ಎದುರು ನಿಲ್ಲುವುದು ಬಹಳ ಕಷ್ಟ. ಪ್ರತಿ ತಿಂಗಳು ಬಾಡಿಗೆ ಕೊಡುವ ಪಕ್ಕದ ಮನೆಯವರಿಗೆ ಇರುವಷ್ಟು ರಕ್ಷಣೆಯೂ ಅವರಿಗೆ ಸಿಗಲಿಲ್ಲ.

ಇನ್ನು ಆ 11 ತಿಂಗಳ ವಿಷಯ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಒಂದು ವರ್ಷ ಮೀರಿದ ಲೀಸ್ ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಕಡ್ಡಾಯ. ಅದಕ್ಕೇ ಊರೆಲ್ಲ 11 ತಿಂಗಳಿಗೆ ಬರೆಸುತ್ತಾರೆ. ಬಾಡಿಗೆ ಮನೆಗೆ ಅದು ಸರಿ. ಆದರೆ ಮಾರ್ಟ್‌ಗೇಜ್‌ಗೆ ತಿಂಗಳ ಲೆಕ್ಕವೇ ಇಲ್ಲ. ಕಲಂ 59ರ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲದ ಮಾರ್ಟ್‌ಗೇಜ್ ನೋಂದಣಿ ಆಗಲೇಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಮಾಡುವ ಅಡಮಾನಕ್ಕೆ ಮಾತ್ರ ಈ ನಿಯಮ ಅನ್ವಯ ಆಗುವುದಿಲ್ಲ. ನಿಮ್ಮದು 6 ಲಕ್ಷ. 11 ತಿಂಗಳಿಗೆ ಬರೆದರೂ, 11 ದಿನಕ್ಕೆ ಬರೆದರೂ, ನೋಂದಣಿ ಇಲ್ಲದಿದ್ದರೆ ಮನೆಯ ಮೇಲೆ ನಿಮಗೆ ಭೋಗ್ಯದ ಹಕ್ಕು ಹುಟ್ಟುವುದಿಲ್ಲ. ನೋಟರಿ ಸೀಲು ನೋಂದಣಿ ಅಲ್ಲ. ನೋಟರಿ ಮುಂದೆ ಮಾಡಿದ ಪತ್ರ ಋಣಭಾರ ಪತ್ರದಲ್ಲಿ (ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿಯಲ್ಲಿ) ಬರುವುದಿಲ್ಲ. ಬಾಡಿಗೆಗೆ ಕಂಡುಕೊಂಡ ಒಂದು ಉಪಾಯವನ್ನು ಜನ ಸಾಲಕ್ಕೂ ಬಳಸುತ್ತಿದ್ದಾರೆ. ಪದ ತಪ್ಪಿದ್ದರಿಂದಲೇ ಈ ತಪ್ಪು.

ಮಾಲೀಕರು ಲೀಸ್ ಅಂತಲೇ ಯಾಕೆ ಬರೆಸುತ್ತಾರೆ ಅಂದರೆ, ಮೋಸ ಮಾಡಲೆಂದೇ ಅಲ್ಲ. ಸ್ವಾಧೀನ ಬಿಟ್ಟುಕೊಡುವ ಅಡಮಾನಕ್ಕೆ ಮುದ್ರಾಂಕ ಶುಲ್ಕ ಜಾಸ್ತಿ. 'ಮನೆ ಅಡ ಇಟ್ಟರು' ಅನ್ನಿಸಿಕೊಳ್ಳುವುದು ಮರ್ಯಾದೆಗೆ ಕಡಿಮೆ ಅನ್ನುವ ಭಾವನೆಯೂ ಇದೆ. ಲೀಸ್ ಅಂದರೆ ಕೇಳಲು ಚೆನ್ನಾಗಿದೆ.

ನೋಂದಣಿಯಾದ ಭೋಗ್ಯದಿಂದ ನಿಮಗೆ ಏನು ಸಿಗುತ್ತದೆ? ಮೊದಲನೆಯದಾಗಿ, ಹಣ ಕೈಗೆ ಬರುವ ತನಕ ಮನೆಯಲ್ಲಿ ಇರುವ ಹಕ್ಕು. ಲೀಸ್ ಆದರೆ ಅವಧಿ ಮುಗಿದ ಮೇಲೆ ಮನೆ ಬಿಡಬೇಕು ಅನ್ನುವುದು ಸಾಮಾನ್ಯ ನಿಯಮ, ಹಣಕ್ಕೆ ಬೇರೆ ಹೋರಾಟ. ಎರಡನೆಯದಾಗಿ, ನಿಮ್ಮ 6 ಲಕ್ಷ ಋಣಭಾರ ಪತ್ರದಲ್ಲಿ ಕಾಣುತ್ತದೆ. ನಾಳೆ ಯಾರಾದರೂ ಆ ಮನೆ ಕೊಂಡರೆ ನಿಮ್ಮ ಋಣದ ಸಮೇತವೇ ಕೊಳ್ಳುತ್ತಾರೆ. ಆಮೇಲೆ ಯಾವ ಬ್ಯಾಂಕ್ ಸಾಲ ಕೊಟ್ಟರೂ ಅದು ನಿಮ್ಮ ಹಿಂದೆ ನಿಲ್ಲಬೇಕು. ಬ್ಯಾಂಕ್ ಮೊದಲೇ ಇದ್ದರೆ ಮಾತ್ರ ನೀವು ಹಿಂದೆ. ಭೋಗ್ಯ ನೋಂದಣಿ ಮಾಡಿಸಿದರೂ ಆ ಕೊರತೆ ತುಂಬುವುದಿಲ್ಲ, ಇದು ನೆನಪಿರಲಿ.

ಒಂದು ಸೂಕ್ಷ್ಮ ಇದೆ, ಪತ್ರ ಬರಹಗಾರರು ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ಬರೀ ಭೋಗ್ಯ ಅಂತ ಬರೆದರೆ, ಮನೆ ಇಟ್ಟುಕೊಂಡು ಕೂರುವ ಹಕ್ಕು ನಿಮಗಿರುತ್ತದೆ. ಆದರೆ ಮನೆ ಮಾರಿಸಿ ಹಣ ವಸೂಲಿ ಮಾಡಿ ಅಂತ ಕೋರ್ಟನ್ನು ಕೇಳುವ ಹಕ್ಕು ಇರುವುದಿಲ್ಲ. ಭೋಗ್ಯದಲ್ಲಿ ನೀವು ಮನೆ ಅನುಭವಿಸುತ್ತಿದ್ದೀರಲ್ಲ, ಅದೇ ನಿಮ್ಮ ಭದ್ರತೆ ಅನ್ನುವುದು ಕಾನೂನಿನ ಲೆಕ್ಕ. ನಿಮಗೆ ಬೇರೆ ಊರಿಗೆ ವರ್ಗವಾದರೆ ಆ ಭದ್ರತೆ ಇಟ್ಟುಕೊಂಡು ಏನು ಮಾಡುತ್ತೀರಿ? ಅದಕ್ಕೆ, ಮಾಲೀಕರು ಇಂಥ ದಿನಾಂಕಕ್ಕೆ ಹಣ ಹಿಂದಿರುಗಿಸಲು ಸ್ವತಃ ಬದ್ಧರು, ತಪ್ಪಿದರೆ ಈ ಮನೆಯನ್ನು ಮಾರಿಸಿ ವಸೂಲಿ ಮಾಡಬಹುದು ಎಂಬ ಎರಡು ಮಾತು ಪತ್ರದಲ್ಲಿ ಇರಲೇಬೇಕು.

ಹಣ ಕೊಡುವ ಮೊದಲು ನೀವು ಮಾಡಬೇಕಾದ ಕೆಲಸ ಜಾಸ್ತಿ ಇಲ್ಲ. ಮಾಲೀಕರ ಮನೆಗೆ ಹೋಗಿ ಮೂಲ ಕ್ರಯಪತ್ರ ತೋರಿಸಿ ಅಂತ ಕೇಳಿ. ಜೆರಾಕ್ಸ್ ಬೇಡ. ಮೂಲ ಪತ್ರ 'ಅಣ್ಣನ ಹತ್ತಿರ ಇದೆ', 'ಊರಲ್ಲಿದೆ' ಅಂದರೆ ಅದು ಬ್ಯಾಂಕಿನಲ್ಲಿ ಇರಬಹುದು ಅಂತಲೇ ಅನುಮಾನ ಪಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ ತೆಗೆಯಿರಿ, ಮೂವತ್ತು ವರ್ಷಕ್ಕೆ ತೆಗೆದರೆ ಒಳ್ಳೆಯದು. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಆದರೆ ನಮೂನೆ 16 ಬಂತು ಅಂತ ನಿಶ್ಚಿಂತೆ ಬೇಡ. ಪತ್ರಗಳನ್ನು ಬ್ಯಾಂಕಿನಲ್ಲಿ ಸುಮ್ನೆ ಇಟ್ಟು ಸಾಲ ತೆಗೆದಿದ್ದರೆ ಅದು ಇಸಿಯಲ್ಲಿ ಕಾಣದೆಯೂ ಇರಬಹುದು. ಅಂಥವನ್ನು ಹುಡುಕಲು 2011ರಿಂದ ಸೆರ್ಸಾಯ್ ಎಂಬ ಕೇಂದ್ರ ದಾಖಲೆ ಇದೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಮನೆ ಯಾರ ಹೆಸರಿನಲ್ಲಿದೆ, ಅಣ್ಣ ತಮ್ಮಂದಿರ ಪಾಲು ಇದೆಯಾ ಅನ್ನುವುದನ್ನು ಖಾತೆಯ ಜೊತೆ ಹೋಲಿಸಿ ನೋಡಿ.

ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಸಾಲವನ್ನಾಗಲಿ ಠೇವಣಿಯನ್ನಾಗಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ. ದಂಡ ಪಡೆದವರಿಗೆ, ಅದೂ ಪಡೆದಷ್ಟೇ ಮೊತ್ತ. ವಾಪಸ್ ಕೊಡುವಾಗಲೂ ಅಂಥದ್ದೇ ನಿಯಮ. ಇದನ್ನು ಮಾಲೀಕರಿಗೆ ಮೆತ್ತಗೆ ಹೇಳಿದರೆ ನಗದು ಬೇಕು ಅನ್ನುವವರು ಸಾಮಾನ್ಯವಾಗಿ ಒಪ್ಪುತ್ತಾರೆ.

ಹೊಲ ತೋಟದ ವಿಷಯ ನೀವು ಕೇಳಿಲ್ಲ. ಆದರೆ ನಿಮ್ಮ ಮಾವನಿಗೆ ಜಮೀನು ಇರಬಹುದು ಅಂತ ಒಂದು ಮಾತು ಸೇರಿಸುತ್ತೇನೆ. ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ಕೃಷಿ ಜಮೀನನ್ನು ಗೇಣಿಗೆ, ಲೀಸ್‌ಗೆ ಕೊಡುವಂತಿಲ್ಲ. ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಹಾಗಾಗಿ ಮನೆಯ ಲೆಕ್ಕವನ್ನು ಜಮೀನಿಗೆ ತೆಗೆದುಕೊಂಡು ಹೋಗಬೇಡಿ. ಇನ್ನು ತಾತನ ಕಾಲದಲ್ಲಿ ಭೋಗ್ಯಕ್ಕೆ ಹಾಕಿದ ಮನೆ ಇನ್ನೂ ಬಿಡಿಸಿಕೊಂಡಿಲ್ಲ, 30 ವರ್ಷ ದಾಟಿತು, ಕೈಬಿಟ್ಟು ಹೋಯಿತು ಅಂತ ಕೊರಗುವ ಕುಟುಂಬಗಳಿವೆ. ಅವರು ಆಸೆ ಬಿಡಬೇಕಾಗಿಲ್ಲ. ಭೋಗ್ಯದಲ್ಲಿ ಆ 30 ವರ್ಷದ ಲೆಕ್ಕ ಪತ್ರದ ದಿನದಿಂದ ಶುರುವಾಗುವುದಿಲ್ಲ, ಹಣ ತೀರಿದ ದಿನದಿಂದ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಒತ್ತೆ ಇಟ್ಟದ್ದು ಒತ್ತೆಯಾಗಿಯೇ ಉಳಿಯುತ್ತದೆ. ನಿಜವಾದ ಲೀಸ್‌ಗೆ ಈ ಗುಣ ಇಲ್ಲ.

ನನ್ನ ಸಲಹೆ ಇಷ್ಟು. ಮಾಲೀಕರ ಹತ್ತಿರ ಮೂಲ ಪತ್ರ ಇದ್ದು, ಬ್ಯಾಂಕಿನ ಸಾಲ ಇಲ್ಲದಿದ್ದರೆ, ಭೋಗ್ಯ ನೋಂದಣಿ ಮಾಡಿಸಿಕೊಡಿ ಅಂತ ಕೇಳಿ. ಶುಲ್ಕವನ್ನು ನಾನೇ ಕೊಡುತ್ತೇನೆ ಅಂತ ನೀವು ಹೇಳಿದರೂ ಮೂರು ವರ್ಷದ ಬಾಡಿಗೆ ಉಳಿಯುವ ಲೆಕ್ಕದಲ್ಲಿ ಹೊರೆ ಆಗುತ್ತದೋ ಇಲ್ಲವೋ, ಪತ್ರ ಬರಹಗಾರರಿಂದ ಮೊದಲೇ ತಿಳಿದುಕೊಳ್ಳಿ. ನೋಂದಣಿಗೆ ಅವರು ಒಪ್ಪದಿದ್ದರೆ ಜಗಳ ಬೇಡ. ಅದೇ ಮನೆಯನ್ನು ತಿಂಗಳ ಬಾಡಿಗೆಗೆ ಕೇಳಿ, ಕೆಲವು ತಿಂಗಳ ಅಡ್ವಾನ್ಸ್ ಕೊಡಿ, 11 ತಿಂಗಳ ಅಗ್ರಿಮೆಂಟ್ ಮಾಡಿಕೊಳ್ಳಿ. ಆಗ ಆ ಕಾಗದದ ಮೇಲೆ ಲೀಸ್ ಅಂತ ಬರೆದಿದ್ದರೆ ಅದು ನಿಜವೇ ಆಗಿರುತ್ತದೆ. 6 ಲಕ್ಷ ನಿಮ್ಮ ಖಾತೆಯಲ್ಲೇ ಇರುತ್ತದೆ. ಅದನ್ನು ನೋಂದಣಿ ಇಲ್ಲದೆ ಬೇರೆಯವರ ಕೈಗೆ ಕೊಡುವುದಕ್ಕೆ ನಾನಂತೂ ಒಪ್ಪುವುದಿಲ್ಲ.

ಭೋಗ್ಯಕ್ಕೆ ಅವರು ಒಪ್ಪಿದರೆ ಪತ್ರವನ್ನು ಕನ್ನಡದಲ್ಲೇ ಬರೆಸಿ. ನಿಮ್ಮ ಮಾವ ಓದಿ ನೋಡಲಿ. ತಲೆಬರಹ 'ಸ್ವಾಧೀನಸಹಿತ ಭೋಗ್ಯ ಅಡಮಾನ ಪತ್ರ' ಅಂತ ಇರಲಿ. ಒಳಗೆ ಈ ಅರ್ಥದ ಮಾತು ಇರಲಿ: 'ಈ ದಿನ ನಿಮ್ಮಿಂದ 6 ಲಕ್ಷ ರೂಪಾಯಿ ಸಾಲವಾಗಿ ಪಡೆದು, ಅದರ ಭದ್ರತೆಗೆ ಈ ಕೆಳಗಿನ ಮನೆಯನ್ನು ನಿಮ್ಮ ಸ್ವಾಧೀನಕ್ಕೆ ಭೋಗ್ಯವಾಗಿ ಬಿಟ್ಟುಕೊಟ್ಟಿದ್ದೇನೆ. ಸಾಲಕ್ಕೆ ಬಡ್ಡಿ ಇಲ್ಲ, ಮನೆಗೆ ಬಾಡಿಗೆ ಇಲ್ಲ. ಮೂರು ವರ್ಷ ಮುಗಿದ ದಿನ ಪೂರ್ತಿ ಹಣ ಹಿಂದಿರುಗಿಸಲು ನಾನು ಸ್ವತಃ ಬದ್ಧ. ಹಣ ಸಂದಾಯ ಆಗುವ ತನಕ ಸ್ವಾಧೀನ ನಿಮ್ಮದು. ತಪ್ಪಿದರೆ ಈ ಸ್ವತ್ತನ್ನು ಮಾರಾಟಕ್ಕೆ ತಂದು ವಸೂಲಿ ಮಾಡಿಕೊಳ್ಳಬಹುದು.' ಮನೆಯ ಕಂದಾಯ ಯಾರು ಕಟ್ಟಬೇಕು, ದೊಡ್ಡ ರಿಪೇರಿ ಯಾರದು ಅನ್ನುವುದನ್ನೂ ಅಲ್ಲೇ ಬರೆಸಿ. ಮೂರು ವರ್ಷದ ನಂತರ ಹಣ ನಿಮ್ಮ ಖಾತೆಗೆ ಬಂದ ದಿನವೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಭೋಗ್ಯ ತೀರುವಳಿ ಪತ್ರ ಮಾಡಿಕೊಟ್ಟು, ಅವರ ಇಸಿಯಿಂದ ನಿಮ್ಮ ಋಣ ತೆಗೆಸಿ, ಬೀಗದ ಕೈ ಅವರಿಗೆ ಕೊಡಿ.